‘ಇಂಜಿನ್ ಹೋಗಿದೆ’ ಅಂದಾಗ: ಹಳೇ ಚಿಕ್ಕ ಕಾರಿಗೆ ಬೇರೆ ಇಂಜಿನ್ ಹುಡುಕುವ ಮೊದಲು

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಆದರೂ ನಮ್ಮ ಹೋಬಳಿ ರಸ್ತೆಗಳಲ್ಲಿ ಆ ಕಾರು ಇನ್ನೂ ಓಡುತ್ತಲೇ ಇದೆ. ಜೊತೆಗೆ ಓಮ್ನಿ, ಹಳೇ ಆಲ್ಟೊ, ಜೆನ್, ಸ್ಯಾಂಟ್ರೊ ಕೂಡ. ಇಂಥ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಗ್ಯಾರೇಜಿನಲ್ಲಿ ಕೇಳುವ ಮಾತು ಇದು: “ಸಾರ್, ಇಂಜಿನ್ ಹೋಗಿದೆ. ಬೋರ್ ಮಾಡಿಸ್ಬೇಕು, ಇಲ್ಲಾಂದ್ರೆ ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸೋಣ.”

ಬೋರ್ ಮಾಡಿಸುವುದು ಅಂದರೆ ಸವೆದ ಸಿಲಿಂಡರಿನ ಒಳಗೋಡೆ ಕೊರೆಸಿ ತುಸು ದೊಡ್ಡ ಪಿಸ್ಟನ್ ಹಾಕಿಸುವುದು. ಆ ಮಾತು ನಿಜವಿರಬಹುದು. ಆದರೆ ಕಂಪ್ರೆಷನ್ ಗೇಜ್ (ಸಿಲಿಂಡರ್ ಗಾಳಿಯನ್ನು ಎಷ್ಟು ಅದುಮುತ್ತದೆ ಅಂತ ಅಳೆಯುವ ಮೀಟರ್) ಹಾಕಿ ನೋಡದೆ ಅದನ್ನು ಹೇಳಿದ್ದರೆ ನೀವು ಒಪ್ಪಬೇಕಾಗಿಲ್ಲ. ಕ್ಲಚ್ ಪ್ಲೇಟ್ ಸವೆದಿರುವುದು, ರೇಡಿಯೇಟರ್ ಕಟ್ಟಿಕೊಂಡಿರುವುದು, ಒಂದು ರಬ್ಬರ್ ಸೀಲ್ ಗಟ್ಟಿಯಾಗಿರುವುದು, ಇಷ್ಟಕ್ಕೇ ಇಂಜಿನ್ ಇಳಿಸಿದ ಕಾರುಗಳು ಬೇಕಾದಷ್ಟಿವೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹಳೇ ಇಂಜಿನ್ ಯಾಕೆ ಕೆಟ್ಟಿತು ಅಂತ ತಿಳಿಯದೆ ಬೇರೆಯದನ್ನು ಕೂರಿಸಿದರೆ ಅದೇ ಕಾರಣಕ್ಕೆ ಅದೂ ಕೆಡುತ್ತದೆ. ಹಾಗಾಗಿ ಯಾವ ಇಂಜಿನ್ ತರಬೇಕು ಅನ್ನುವ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಹಳೇ ಇಂಜಿನ್ ತೋರಿಸುವ ಲಕ್ಷಣಗಳಲ್ಲೇ ಇರುತ್ತದೆ.

ಕೈ ಹಾಕುವ ಮೊದಲು

ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬಟ್ಟೆ ಹಿಡಿದು ನಿಧಾನವಾಗಿ ತೆಗೆದರೆ ಪರವಾಗಿಲ್ಲ ಅನ್ನುವುದು ತಪ್ಪು ಧೈರ್ಯ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಮುಖಕ್ಕೆ ಹಾರುತ್ತದೆ. ರೇಡಿಯೇಟರ್ ಫ್ಯಾನ್ ವಿದ್ಯುತ್ತಿನದಾದ್ದರಿಂದ ಕೀ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ತಾನಾಗಿ ತಿರುಗಬಹುದು. ವೈರಿಂಗಿಗೋ ಸ್ಟಾರ್ಟರಿಗೋ ಕೈ ಹಾಕುವುದಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾರಿನ ಕೆಳಗೆ ಹೋಗಬೇಕಾದರೆ ಬರೀ ಜಾಕಿ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸೈಜುಗಲ್ಲು ಸ್ಟ್ಯಾಂಡ್ ಆಗುವುದಿಲ್ಲ, ಭಾರ ಬಿದ್ದಾಗ ಒಡೆಯುತ್ತವೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಕೂಲೆಂಟ್ ಸಿಹಿಯಾಗಿರುವ ವಿಷ. ನೆಲಕ್ಕೆ ಚೆಲ್ಲಿ ಹಾಗೇ ಬಿಟ್ಟರೆ ಬೀದಿನಾಯಿ ನೆಕ್ಕುತ್ತದೆ, ತೊಳೆದುಬಿಡಿ.

ಲಕ್ಷಣ: ಪಿಕಪ್ ಇಲ್ಲ, ಏರು ಹತ್ತುವುದಿಲ್ಲ

ಇಂಜಿನ್ ಮೇಲೆ ಅತಿ ಹೆಚ್ಚು ಸುಳ್ಳು ಅಪವಾದ ಬರುವುದು ಈ ಲಕ್ಷಣದಿಂದ. ಮಂಗಳೂರು ಕಡೆಯಿಂದ ಸಕಲೇಶಪುರಕ್ಕೆ ಘಾಟಿ ಹತ್ತುವಾಗ ಎರಡನೇ ಗೇರಿಗೂ ಕಾರು ಏದುಸಿರು ಬಿಡುತ್ತಿದ್ದರೆ ಇಂಜಿನ್ ಮುಗಿಯಿತು ಅನ್ನಿಸುವುದು ಸಹಜ.

ಮೊದಲು ಕ್ಲಚ್ ನೋಡಿ. ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಂತೆ, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು ಕಾಲಿನ ಬ್ರೇಕನ್ನೂ ಒತ್ತಿ. ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ಕೂಡಲೇ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಕಾಲು ಪೂರ್ತಿ ಬಿಟ್ಟ ಮೇಲೂ ಇಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ, ಇಂಜಿನ್ ಕೊಡುವ ಶಕ್ತಿ ಚಕ್ರಕ್ಕೆ ಹೋಗುತ್ತಲೇ ಇಲ್ಲ. ಪರೀಕ್ಷೆ ಒಂದೇ ಸಲ ಸಾಕು, ಪದೇಪದೇ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ. ಓಡಿಸುವಾಗಲೂ ಗೊತ್ತಾಗುತ್ತದೆ: ಆಕ್ಸಿಲರೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್. ಸದ್ದು, ವೇಗ ಎರಡೂ ಏರದಿದ್ದರೆ ಮುಂದಕ್ಕೆ ಹುಡುಕಿ.

ಎರಡನೆಯದು ಬ್ರೇಕ್ ಹಿಡಿದುಕೊಂಡಿರುವುದು. ನ್ಯೂಟ್ರಲ್‌ನಲ್ಲಿಟ್ಟು ಸಮತಟ್ಟಿನಲ್ಲಿ ತಳ್ಳಿ. 800 ಅಥವಾ ಆಲ್ಟೊ ಒಬ್ಬರ ಕೈಗೆ ಸುಲಭವಾಗಿ ಸರಿಯಬೇಕು. ಸರಿಯದಿದ್ದರೆ ಯಾವ ಚಕ್ರ ಹಿಡಿದಿದೆ ನೋಡಿ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದಿಂದ ಮಾತ್ರ ಬಿಸಿ ರಾಚುತ್ತಿರುತ್ತದೆ. ಡ್ರಮ್ಮನ್ನು ನೇರವಾಗಿ ಮುಟ್ಟಬೇಡಿ.

ಆಮೇಲೆ ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಕಾರ್ಬುರೇಟರ್ ಗಾಡಿಯಾದರೆ ಚೋಕ್ ಪೂರ್ತಿ ತೆರೆಯುತ್ತಿದೆಯೇ ನೋಡಿ. ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಯಾದರೆ ಥ್ರಾಟಲ್ ಬಾಡಿಯ ಮಸಿ ತೆಗೆಸಿ, ಫ್ಯೂಯೆಲ್ ಪಂಪಿನ ಒತ್ತಡ ಅಳೆಸಿ. ಇಷ್ಟಾದ ಮೇಲೂ ಐಡಲ್‌ನಲ್ಲಿ ಸರಿಯಿದ್ದು ರೇಸ್ ಹೆಚ್ಚಿಸಿದಂತೆ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ಕಟ್ಟಿಕೊಂಡಿರಬಹುದು. ಇದು ಯಾವುದಕ್ಕೂ ಇಂಜಿನ್ ಇಳಿಸಬೇಕಾಗಿಲ್ಲ.

ಲಕ್ಷಣ: ಮಿಸ್ ಹೊಡೆಯುತ್ತದೆ, ನಿಂತಲ್ಲೇ ನಡುಗುತ್ತದೆ

ಮೂರು ಸಿಲಿಂಡರಿನ ಇಂಜಿನ್ ಸ್ವಭಾವದಲ್ಲೇ ಸ್ವಲ್ಪ ನಡುಗುತ್ತದೆ. 800, ಓಮ್ನಿಯಲ್ಲಿರುವ ಎಫ್8ಬಿ ಮತ್ತು ಹಳೇ ಆಲ್ಟೊದ ಎಫ್8ಡಿ ಎರಡೂ 796 ಸಿಸಿಯ ಮೂರು ಸಿಲಿಂಡರಿನವು. ಮೌಂಟಿಂಗ್ ರಬ್ಬರ್ ಹರಿದಿದ್ದರೆ ಈ ನಡುಕ ಸೀಟಿನವರೆಗೂ ಬರುತ್ತದೆ. ಬಾನೆಟ್ ತೆರೆದು, ಒಬ್ಬರು ಕಾರಿನೊಳಗೆ ಕೂತು ರೇಸ್ ಕೊಟ್ಟು ಬಿಡಲಿ. ಇಂಜಿನ್ ಪಕ್ಕಕ್ಕೆ ಹಾರಿ ಕುಕ್ಕಿದರೆ ರಬ್ಬರ್ ಹೋಗಿದೆ.

ನಿಜವಾದ ಮಿಸ್ ಹಾಗಲ್ಲ. ಸೈಲೆನ್ಸರ್ ಬಾಯಿಗೆ ಅಂಗೈ ದೂರವೇ ಹಿಡಿದರೂ ಗಾಳಿ ತಾಳ ತಪ್ಪಿ ಬರುವುದು ತಿಳಿಯುತ್ತದೆ. ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಗೊತ್ತಿರುವಂತೆ ಸಾಲಾಗಿಡಿ. ತುದಿ ಕಂದು ಬಣ್ಣದಲ್ಲಿ ಒಣಗಿದ್ದರೆ ಆ ಸಿಲಿಂಡರ್ ಸರಿ ಉರಿಯುತ್ತಿದೆ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಬರುತ್ತಿದೆ ಅಥವಾ ಕಿಡಿ ಸಾಲುತ್ತಿಲ್ಲ. ಎಣ್ಣೆಯ ಜಿಡ್ಡಿನ ಕಪ್ಪು ಇದ್ದರೆ ಆಯಿಲ್ ಮೇಲೆ ಬರುತ್ತಿದೆ. ಒಂದು ಪ್ಲಗ್ ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿರಬಹುದು.

ಕೆಟ್ಟ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ಮಿಸ್ ಪ್ಲಗ್ಗಿನ ಜೊತೆ ಹೋದರೆ ದೋಷ ಪ್ಲಗ್ಗಿನದು. ಪ್ಲಗ್ ವೈರ್ ಉದ್ದ ಸಾಕಾದರೆ ಅದನ್ನೂ ಹೀಗೇ ಅದಲುಬದಲು ಮಾಡಬಹುದು. ಇಂಜಿನ್ ಓಡುತ್ತಿರುವಾಗ ಬರಿಗೈಯಲ್ಲಿ ವೈರ್ ಎಳೆಯುವ ಅಭ್ಯಾಸ ಮಾತ್ರ ಬೇಡ. ಸಾವಿರಾರು ವೋಲ್ಟ್ ಹರಿಯುವ ಜಾಗ ಅದು.

ಅದಲುಬದಲು ಮಾಡಿದರೂ ಅದೇ ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್ ನೋಡುವ ಸಮಯ ಬಂತು.

ಕಂಪ್ರೆಷನ್: ಊಹೆ ಬಿಟ್ಟು ಅಳೆಯುವ ಜಾಗ

ಈ ಪರೀಕ್ಷೆಗೆ ಇಂಜಿನ್ ಬಿಚ್ಚಬೇಕಾಗಿಲ್ಲ. ಸಾಮಾನ್ಯ ಗ್ಯಾರೇಜಿನಲ್ಲೂ ಗೇಜ್ ಇರುತ್ತದೆ. ಇಲ್ಲ ಅಂದರೆ ಇರುವ ಗ್ಯಾರೇಜಿಗೆ ಹೋಗಿ. ಇಂಜಿನ್ ಇಳಿಸಲು ಒಪ್ಪಿಗೆ ಕೊಡುವ ಮೊದಲು ಈ ಅಂಕಿಗಳು ನಿಮ್ಮ ಕೈಯಲ್ಲಿ ಬರೆದು ಇರಲೇಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಮಾಡುವ ಕ್ರಮದಲ್ಲಿ ಅವಸರ ಮಾಡಿದರೆ ಅಂಕಿ ಸುಳ್ಳಾಗುತ್ತದೆ. ಇಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದಿ) ತೀರ ಬಿಗಿಯಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಅಂಕಿ ಕಡಿಮೆ ಬರುತ್ತದೆ, ಹಾಗಾಗಿ ಅದನ್ನು ಮೊದಲೇ ಸರಿಮಾಡಿಸಿಕೊಳ್ಳಿ. ಎಲ್ಲ ಪ್ಲಗ್‌ಗಳನ್ನೂ ತೆಗೆಯಿರಿ. ಕಿಡಿ ಬಾರದಂತೆ ಕಾಯಿಲ್‌ನ ಕನೆಕ್ಟರ್ ತೆಗೆಯಿರಿ, ಎಂಪಿಎಫ್ಐ ಆದರೆ ಪೆಟ್ರೋಲ್ ಸಿಂಪಡಿಸದಂತೆ ಇಂಜೆಕ್ಟರ್ ಕನೆಕ್ಟರ್‌ಗಳನ್ನೂ ತೆಗೆಯಿರಿ. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬಂದು ಕಿಡಿ ತಗುಲಿದರೆ ಬೆಂಕಿ. ಗೇಜ್ ತಿರುಗಿಸಿ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಎಲ್ಲ ಸಿಲಿಂಡರಿಗೂ ಒಂದೇ ಸಮ ಸುತ್ತು.

ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿರುವುದೇ ಅಂತಿಮ ಅಂಕಿ. ಸ್ಥೂಲವಾಗಿ, ಆರೋಗ್ಯವಾಗಿರುವ ಪೆಟ್ರೋಲ್ ಇಂಜಿನ್ 150 ಪಿಎಸ್‌ಐಗಿಂತ (ಗೇಜಿನಲ್ಲಿರುವ ಒತ್ತಡದ ಅಳತೆ) ಮೇಲೆ ತೋರಿಸುತ್ತದೆ. ಒಟ್ಟು ಅಂಕಿಗಿಂತ ಮುಖ್ಯ ಸಿಲಿಂಡರುಗಳ ನಡುವಿನ ಅಂತರ. 160, 155, 158 ಬಂದರೆ ಹಳೇ ಇಂಜಿನ್ ಆದರೂ ಗಟ್ಟಿಯಿದೆ, ದೋಷ ಬೇರೆ ಕಡೆ ಹುಡುಕಿ. 160, 158, 90 ಬಂದರೆ ಮೂರನೆಯದರಲ್ಲಿ ಸೋರಿಕೆ ಇದೆ.

ಎಲ್ಲಿ ಸೋರುತ್ತಿದೆ? ಆ ಸಿಲಿಂಡರಿನ ಪ್ಲಗ್ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. 90 ಇದ್ದದ್ದು 130 ದಾಟಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಸವೆದಿದೆ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಬಿಟ್ಟ ಆಯಿಲ್ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚಿದ್ದರಿಂದ ಅಂಕಿ ಏರಿತು. 90 ಅಲ್ಲೇ ನಿಂತರೆ ವಾಲ್ವ್ ಸುಟ್ಟಿದೆ ಅಥವಾ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಹೋಗಿದೆ. ಅಕ್ಕಪಕ್ಕದ ಎರಡೂ ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅನ್ನುವುದು ಹೆಚ್ಚುಕಡಿಮೆ ಖಚಿತ. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ಇಂಜಿನ್ ಸವೆದಿದೆ ಅನ್ನುವ ಮೊದಲು ಟೈಮಿಂಗ್ ಬೆಲ್ಟ್ ಹಲ್ಲು ಜಾರಿದೆಯೇ ನೋಡಿಸಿ.

ಚಮಚ ಆಯಿಲ್ಲಿನ ಈ ಪರೀಕ್ಷೆ ಖರ್ಚಿನ ದಾರಿಯನ್ನೇ ಬದಲಿಸುತ್ತದೆ. ವಾಲ್ವ್, ಗ್ಯಾಸ್ಕೆಟ್ ಆದರೆ ಹೆಡ್ ಮಾತ್ರ ಬಿಚ್ಚಿ ಲೇತ್ ಅಂಗಡಿಗೆ ಕೊಡುವ ಕೆಲಸ, ಇಂಜಿನ್ ಕಾರಿನಲ್ಲೇ ಇರುತ್ತದೆ. ರಿಂಗ್, ಬೋರ್ ಆದರೆ ಮಾತ್ರ ಬ್ಲಾಕಿನ ಮಾತು ಬರುತ್ತದೆ.

ಲಕ್ಷಣ: ಸೈಲೆನ್ಸರಿನಲ್ಲಿ ಹೊಗೆ, ಆಯಿಲ್ ಕಮ್ಮಿಯಾಗುವುದು

ಕಪ್ಪು ಹೊಗೆಗೆ ಹೆದರಬೇಡಿ. ಪೆಟ್ರೋಲ್ ಹೆಚ್ಚು ಸುಡುತ್ತಿದೆ ಅಷ್ಟೆ: ಫಿಲ್ಟರ್, ಚೋಕ್, ಸೆನ್ಸರ್ ನೋಡಿಸಿ. ಚಳಿಗಾಲದ ಬೆಳಗ್ಗೆ ಬಿಳಿ ಆವಿ ಬಂದು ಐದು ನಿಮಿಷದಲ್ಲಿ ನಿಂತರೆ ಅದು ಬರೀ ತೇವ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬರುತ್ತಲೇ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ.

ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಅದು ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ. ರಾತ್ರಿಯಿಡೀ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ದಪ್ಪ ಹೊಗೆ ಬಂದು ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದ ಕೂಡಲೇ ಬಂದರೆ, ವಾಲ್ವ್ ಸೀಲ್ ಗಟ್ಟಿಯಾಗಿದೆ. ಸಣ್ಣ ರಬ್ಬರ್ ಸಾಮಾನು ಅದು. ಏರಿನಲ್ಲಿ ಒತ್ತಿದಷ್ಟೂ ಹೊಗೆ ಹೆಚ್ಚುತ್ತಾ ಹೋದರೆ ರಿಂಗ್. ಪಿಸಿವಿ ವಾಲ್ವ್ (ಇಂಜಿನ್ನಿನ ಕೆಳಭಾಗದ ಹೊಗೆಯನ್ನು ಮತ್ತೆ ಒಳಗೆ ಎಳೆಸುವ ಸಣ್ಣ ವಾಲ್ವ್) ಕಟ್ಟಿಕೊಂಡಿದ್ದರೂ ನೀಲಿ ಹೊಗೆ ಬರುತ್ತದೆ, ಅದನ್ನು ತೊಳೆದು ಅಥವಾ ಬದಲಿಸಿ ನೋಡುವುದು ಎಲ್ಲಕ್ಕಿಂತ ಅಗ್ಗ.

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಮೇಲೆ ಸುಮ್ಮನೆ ಇಡಿ. ಸ್ವಲ್ಪ ಕುಣಿದರೆ ತೊಂದರೆಯಿಲ್ಲ. ಹಾರಿಬೀಳುವಂತೆ ಒಳಗಿನಿಂದ ಹೊಗೆ ನುಗ್ಗುತ್ತಿದ್ದರೆ ಉರಿದ ಗಾಳಿ ರಿಂಗ್ ದಾಟಿ ಕೆಳಗೆ ಇಳಿಯುತ್ತಿದೆ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರವಿಡಿ.

ಹೊಗೆಯೇ ಇಲ್ಲದೆ ಆಯಿಲ್ ಕಮ್ಮಿಯಾಗುತ್ತಿದ್ದರೆ ರಾತ್ರಿ ಇಂಜಿನ್ ಕೆಳಗೆ ರಟ್ಟಿನ ಹಾಳೆ ಹಾಸಿ. ಬೆಳಗ್ಗೆ ಕಲೆ ಎಲ್ಲಿ ಬಿದ್ದಿದೆ ಅನ್ನುವುದೇ ಸೋರುವ ಜಾಗ ಹೇಳುತ್ತದೆ. 1,000 ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಿದಿರಿ ಅಂತ ಬರೆದಿಡಿ. ಅಷ್ಟು ದೂರಕ್ಕೆ ಕಾಲು ಲೀಟರ್ ತಿನ್ನುವ ಹಳೇ ಇಂಜಿನ್ನನ್ನು ಆಯಿಲ್ ಹಾಕಿಕೊಂಡೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಲೀಟರ್ ದಾಟಿದರೆ ಕೆಲಸ ಮುಂದೂಡಬೇಡಿ, ಹೊಗೆ ತಪಾಸಣೆಯಲ್ಲೂ ಪಾಸಾಗುವುದು ಕಷ್ಟ.

ಲಕ್ಷಣ: ಬಿಸಿಯಾಗುತ್ತದೆ, ನೀರು ಕುಡಿಯುತ್ತದೆ

ಮುಳ್ಳು ಕೆಂಪಿಗೆ ಹೋದರೆ ಆ ಕ್ಷಣವೇ ನಿಲ್ಲಿಸಿ. ‘ಮುಂದಿನ ಊರಿನವರೆಗೆ ಹೋಗಿಬಿಡೋಣ’ ಅನ್ನುವ ನಾಲ್ಕು ಕಿಲೋಮೀಟರಿನಲ್ಲೇ ಅಲ್ಯೂಮಿನಿಯಂ ಹೆಡ್ ಬೆಂಡಾಗುತ್ತದೆ. ಆಮೇಲೆ ಆಗುವ ಖರ್ಚೆಲ್ಲ ಆ ನಾಲ್ಕು ಕಿಲೋಮೀಟರಿನದು. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ಡು ಬ್ಲಾಕು ಬಿರುಕು ಬಿಡುತ್ತವೆ.

ತಣ್ಣಗಾದ ಮೇಲೆ: ಹೋಸ್ ಪೈಪುಗಳಲ್ಲಿ ಸೋರಿಕೆ ಇದೆಯೇ, ಫ್ಯಾನ್ ತಾನಾಗಿ ತಿರುಗುತ್ತದೆಯೇ, ರೇಡಿಯೇಟರ್ ಮುಚ್ಚಳದ ರಬ್ಬರ್ ಸರಿಯಿದೆಯೇ, ವಾಟರ್ ಪಂಪಿನ ಬಳಿ ನೀರಿನ ಗುರುತು ಇದೆಯೇ ನೋಡಿ. ಆಮೇಲೆ ಥರ್ಮೋಸ್ಟಾಟ್. ಕಾರು ಬಿಸಿಯಾಗುತ್ತದೆ ಅಂದರೆ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅದು ಪರಿಹಾರವಲ್ಲ. ಇಂಜಿನ್ ಸರಿಯಾದ ಬಿಸಿಗೆ ಬರಲು ಹೆಚ್ಚು ಹೊತ್ತಾಗಿ ಪೆಟ್ರೋಲ್ ಹೆಚ್ಚು ಸುಡುತ್ತದೆ, ಬೋರ್ ಬೇಗ ಸವೆಯುತ್ತದೆ. ಹೊಸದು ಹಾಕಿಸಿ, ದೊಡ್ಡ ಖರ್ಚಲ್ಲ.

ರೇಡಿಯೇಟರ್ ಬಗ್ಗೆ ಒತ್ತಿ ಹೇಳಬೇಕಾದದ್ದಿದೆ. ಕೋಲಾರ, ವಿಜಯಪುರ, ರಾಯಚೂರು ಕಡೆ ಬೋರ್‌ವೆಲ್ ನೀರು ಗಡಸು. ವರ್ಷಾನುಗಟ್ಟಲೆ ಅದನ್ನೇ ತುಂಬಿಸಿದ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಪದರ ಕಟ್ಟುತ್ತದೆ. ಇಂಜಿನ್ ಬಿಸಿಯಾಗಿ ಫ್ಯಾನ್ ತಿರುಗುವ ಹೊತ್ತಿಗೆ ಕಾರು ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರ್ ಮುಖದ ಹತ್ತಿರ ಅಂಗೈ ಆಡಿಸಿ. ಕೆಲವು ಕಡೆ ಬಿಸಿ, ಕೆಲವು ಕಡೆ ತಣ್ಣಗೆ ಅನ್ನಿಸಿದರೆ ತಣ್ಣಗಿನ ಕಡೆ ನಳಿಗೆ ಮುಚ್ಚಿದೆ. ಇಂಥ ರೇಡಿಯೇಟರನ್ನು ಹಾಗೇ ಬಿಟ್ಟು ಇಂಜಿನ್ ಮಾತ್ರ ಬದಲಿಸಿದವರು ಎರಡನೇ ಇಂಜಿನ್ನನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ಹೆಡ್ ಗ್ಯಾಸ್ಕೆಟ್. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷದಲ್ಲೇ ಎಡೆಬಿಡದೆ ಗುಳ್ಳೆ ಬರುತ್ತಿದ್ದರೆ ಉರಿದ ಗಾಳಿ ನೀರಿನ ದಾರಿಗೆ ನುಗ್ಗುತ್ತಿದೆ. ನೀರು ಬಿಸಿಯಾಗುವ ಮೊದಲೇ ಮುಚ್ಚಳ ಹಾಕಿಬಿಡಿ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ಆಯಿಲ್ಲಿಗೆ ನೀರು ಸೇರಿದೆ, ಆ ಸ್ಥಿತಿಯಲ್ಲಿ ಒಂದು ಸುತ್ತೂ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಅಂತ ಬರೀ ಹತ್ತಿರದ ಓಡಾಟವಾದರೆ ಆಯಿಲ್ ಮುಚ್ಚಳದ ಒಳಗೆ ಮಾತ್ರ ಒಂದಿಷ್ಟು ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದು ನೀರಿನ ಮಟ್ಟ ಇಳಿಯದಿದ್ದರೆ ಅದು ಗ್ಯಾಸ್ಕೆಟ್ ಅಲ್ಲ, ತೇವ.

ಹೆಡ್ ಬಿಚ್ಚಿದರೆ ಅದರ ಸಮತಟ್ಟು ಅಳೆಸದೆ ಮತ್ತೆ ಕೂರಿಸಲು ಬಿಡಬೇಡಿ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡುತ್ತಾರೆ. ಸುಜುಕಿ ಇಂಜಿನ್ನುಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇದ್ದರೆ ಫೇಸಿಂಗ್ (ಮೇಲ್ಮೈ ಉಜ್ಜಿ ಸಮ ಮಾಡುವುದು) ಮಾಡಿಸಬೇಕು.

ಲಕ್ಷಣ: ಬಡಿತದ ಸದ್ದು, ಆಯಿಲ್ ದೀಪ

ಮೇಲುಗಡೆ ಹೊಲಿಗೆ ಮಷಿನ್ನಿನಂಥ ಟಿಕ್ ಟಿಕ್ ಟ್ಯಾಪೆಟ್ಟಿನದು. ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಕಡಿಮೆಯಾಗುವ ಟಪ ಟಪ ಪಿಸ್ಟನ್ನಿನದು, ಸವೆತದ ಗುರುತು ಹೌದು, ತುರ್ತಲ್ಲ. ಕೆಳಗಿನಿಂದ, ಒಳಗಿನಿಂದ ಬರುವ ಭಾರವಾದ ಡಗ್ ಡಗ್, ಅದರಲ್ಲೂ ರೇಸ್ ಕೊಟ್ಟಾಗ ಜೋರಾಗುವುದು ಬೇರಿಂಗ್ ಬಡಿತ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿದರೆ ಯಾವ ಸಿಲಿಂಡರಿನ ಕೆಳಗೆ ಅಂತಲೂ ತಿಳಿಯುತ್ತದೆ. ಬೆಲ್ಟು, ಫ್ಯಾನಿನಿಂದ ಬಟ್ಟೆ ಕೂದಲು ದೂರವಿರಲಿ.

ಆಯಿಲ್ ದೀಪ ಬಿಸಿಯಾದ ಮೇಲೆ ಐಡಲ್‌ನಲ್ಲಿ ಮಿಣುಕಿದರೆ ಇಂಜಿನ್ ಆಫ್ ಮಾಡಿ ಮಟ್ಟ ನೋಡಿ. ಮಟ್ಟ ಸರಿಯಿದ್ದರೆ ಪ್ರೆಷರ್ ಸ್ವಿಚ್ ತೆಗೆದು ಅಲ್ಲಿ ನಿಜವಾದ ಗೇಜ್ ಹಾಕಿ ಅಳೆಸಿ. ಎಷ್ಟೋ ಸಲ ಸ್ವಿಚ್ಚೇ ಕೆಟ್ಟಿರುತ್ತದೆ. ಗೇಜಿನಲ್ಲೂ ಒತ್ತಡ ಕಮ್ಮಿ ಇದ್ದು ಕೆಳಗೆ ಬಡಿತವೂ ಇದ್ದರೆ ಮನೆಯಲ್ಲಿ ಮಾಡುವ ತಪಾಸಣೆ ಅಲ್ಲಿಗೆ ಮುಗಿಯಿತು. ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ಓಡಿಸಿಕೊಂಡು ಹೋದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ಸರಳು) ಮುರಿದು ಬ್ಲಾಕಿನ ಗೋಡೆ ಒಡೆದು ಹೊರಬರಬಹುದು. ಆಗ ರಿಪೇರಿ ಮಾಡಲು ಏನೂ ಉಳಿದಿರುವುದಿಲ್ಲ.

ಲಕ್ಷಣ: ತಿರುಗುವುದೇ ಇಲ್ಲ, ಅಥವಾ ತಿರುಗಿದರೂ ಹತ್ತುವುದಿಲ್ಲ

ಸೆಲ್ಫ್ ಹೊಡೆದಾಗ ಎಂದಿಗಿಂತ ಹಗುರವಾಗಿ, ಬೇಗ ಬೇಗ ತಿರುಗಿ ಸ್ಟಾರ್ಟ್ ಆಗದಿದ್ದರೆ ಟೈಮಿಂಗ್ ಬೆಲ್ಟ್ ಕಡಿದಿರುವ ಅನುಮಾನ. ಮತ್ತೆ ಮತ್ತೆ ಹೊಡೆಯಬೇಡಿ.

ಟಕ್ ಅಂದು ನಿಂತರೆ ಮೊದಲು ಬ್ಯಾಟರಿ, ಟರ್ಮಿನಲ್ ನೋಡಿ, ಆಮೇಲೆ ಸ್ಟಾರ್ಟರ್. ಬ್ಯಾಟರಿ ಸರಿಯಿದ್ದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೂ ಅಲುಗದಿದ್ದರೆ ಇಂಜಿನ್ ಜಾಮ್ ಆಗಿದೆ.

ನೀರಲ್ಲಿ ನಿಂತ ಕಾರಿನ ಕಥೆ ಬೇರೆ. ಬೆಂಗಳೂರಿನ ಅಂಡರ್‌ಪಾಸಿನಲ್ಲೋ ಕರಾವಳಿಯ ಮಳೆಯಲ್ಲೋ ಏರ್ ಫಿಲ್ಟರಿನ ಬಾಯಿಯವರೆಗೆ ನೀರು ಬಂದು ಇಂಜಿನ್ ನಿಂತಿದ್ದರೆ ಕೀ ಮುಟ್ಟಲೇಬೇಡಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊರಗೆ ತಳ್ಳಿ, ಪ್ಲಗ್ ತೆಗೆದು, ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಿಸಿ, ಆಯಿಲ್ ಬದಲಿಸಿದ ಮೇಲೇ ಸ್ಟಾರ್ಟ್. ಇಷ್ಟು ತಾಳ್ಮೆಗೆ ಎಷ್ಟೋ ಇಂಜಿನ್ ಉಳಿಯುತ್ತದೆ. ಸಾಮಾನ್ಯ ಕಾಂಪ್ರೆಹೆನ್ಸಿವ್ ವಿಮೆಯಲ್ಲಿ ಈ ಹಾನಿಗೆ ದುಡ್ಡು ಸಿಗುವುದು ಕಷ್ಟ, ಇಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕಾಗುತ್ತದೆ.

ಬೋರ್ ಕೆಲಸವೋ, ಬೇರೆ ಇಂಜಿನ್ನೋ

ಈಗ ನಿಮ್ಮ ಕೈಯಲ್ಲಿ ಕಾರಣ ಇದೆ. ಹೆಡ್ಡಿನ ದೋಷವಾದರೆ ಹೆಡ್ ಕೆಲಸ, ಮಾತು ಮುಗಿಯಿತು. ರಿಂಗ್, ಬೋರ್, ಬೇರಿಂಗ್ ಸವೆದಿದ್ದು ಬ್ಲಾಕ್ ಒಡೆಯದಿದ್ದರೆ ನಾನು ನಿಮ್ಮದೇ ಇಂಜಿನ್ನನ್ನು ಕಟ್ಟಿಸಿ ಅನ್ನುತ್ತೇನೆ. ಸುಜುಕಿಯ ಈ ಸಣ್ಣ ಇಂಜಿನ್ನುಗಳಿಗೆ 0.25 ಮತ್ತು 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಸಿಗುತ್ತದೆ, ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರದ ಅಂಗಡಿಗಳಲ್ಲೂ ಇವೆ. ಲೇತ್ ಅಂಗಡಿಯವರು ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಅಳೆದ ಅಂಕಿ ಬರೆಸಿಕೊಳ್ಳಿ. ಇಂಜಿನ್ ನಂಬರ್ ಬದಲಾಗದು, ಕಾಗದದ ಓಡಾಟ ಇರದು, ಒಳಗೆ ಏನು ಹೊಸದು ಅನ್ನುವುದು ನಿಮಗೇ ಗೊತ್ತಿರುತ್ತದೆ.

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ, ಹಿಂದೆಯೇ ಕೊನೇ ಸೈಜಿನವರೆಗೆ ಬೋರ್ ಆಗಿದ್ದರೆ ಬೇರೆ ಇಂಜಿನ್ ಸರಿ. ಅದಕ್ಕೂ ಮುಂಚೆ ಕಾರಿನ ನೆಲ ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಿಂತ ಕಾರಾದರೆ ಮ್ಯಾಟ್ ಎತ್ತಿ, ಸಸ್ಪೆನ್ಷನ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ತುಕ್ಕು ಉದುರಿ ತೂತು ಬಿದ್ದರೆ ಇಂಜಿನ್ನಿಗೆ ದುಡ್ಡು ಹಾಕಬೇಡಿ. ಕಾರಿಗೆ 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣಕ್ಕೆ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ತರುವುದು ಅದೇ ಇಂಜಿನ್ ಆಗಿರಲಿ. ಎಫ್8ಬಿಗೆ ಎಫ್8ಬಿ, ಎಫ್8ಡಿಗೆ ಎಫ್8ಡಿ. ಎರಡೂ 796 ಸಿಸಿ ಅಂದಮಾತ್ರಕ್ಕೆ ಒಂದೇ ಅಲ್ಲ. ಎಫ್8ಡಿಯಲ್ಲಿ ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್. ಕಾರ್ಬುರೇಟರಿನದು ಎಂಪಿಎಫ್ಐ ಕಾರಿಗೆ ಸೇರುವುದಿಲ್ಲ, ಬಿಎಸ್-2 ಮತ್ತು ಬಿಎಸ್-3 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡಗಳು) ಗಾಡಿಗಳ ಸೆನ್ಸರುಗಳೂ ವೈರಿಂಗೂ ಬೇರೆಯಾಗಿರಬಹುದು. ಕೀ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ನಿಮ್ಮ ಇಸಿಎಂ (ಇಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ನಿಮ್ಮಲ್ಲೇ ಉಳಿಸಿಕೊಳ್ಳಿ. ‘ಆಲ್ಟೊಗೆ ಕೆ10 ಇಂಜಿನ್ ಕೂರಿಸಿದ್ರೆ ಹಾರುತ್ತೆ’ ಅನ್ನುವ ಸಲಹೆ ಕೇಳಿಬರುತ್ತದೆ. 998 ಸಿಸಿಯ ಆ ಇಂಜಿನ್ನಿಗೆ ಮೌಂಟಿಂಗ್, ವೈರಿಂಗ್, ಇಸಿಎಂ ಎಲ್ಲ ಬೇರೆ. ಸಿಸಿ ಬದಲಾದರೆ ಆರ್‌ಸಿಗೂ ಗಾಡಿಗೂ ತಾಳೆಯಾಗುವುದಿಲ್ಲ, ಅಪಘಾತವಾದಾಗ ವಿಮೆಯವರು ಕೈಬಿಡಬಹುದು. ಬೇಡ.

ಗುಜರಿಯಲ್ಲಿ ಇಂಜಿನ್ ನೋಡುವಾಗ

ಬೆಂಗಳೂರಿನ ಶಿವಾಜಿನಗರವಿರಲಿ, ನಿಮ್ಮೂರಿನ ಗುಜರಿಯಿರಲಿ, ಎಲ್ಲ ಕಡೆ ಕೇಳುವ ಮಾತು ಒಂದೇ: “ಓಡ್ತಾ ಇದ್ದ ಗಾಡಿಯಿಂದ ಇಳಿಸಿದ್ದು ಸಾರ್, ಕಣ್ಮುಚ್ಕೊಂಡು ತಗೊಳ್ಳಿ.” ನೀವು ಹೇಳಬೇಕಾದದ್ದು: “ಆಯ್ತಣ್ಣ, ಬ್ಯಾಟರಿ, ಗೇಜ್ ತಂದಿದೀನಿ, ಒಂದ್ಸಲ ಕಂಪ್ರೆಷನ್ ನೋಡ್ಬಿಡೋಣ.” ಸ್ಟಾರ್ಟರ್, ಗೇರ್‌ಬಾಕ್ಸ್ ಸಮೇತ ಇರುವ ಇಂಜಿನ್ನನ್ನು ಅಲುಗಾಡದಂತೆ ಕಟ್ಟಿ ನೆಲದ ಮೇಲೇ ಸೆಲ್ಫ್ ಹೊಡೆದು ಅಳೆಯಬಹುದು. ತಣ್ಣಗಿನ ಇಂಜಿನ್ನಾದ್ದರಿಂದ ಒಟ್ಟು ಅಂಕಿ ಸ್ವಲ್ಪ ಕಡಿಮೆ ಬಂದೀತು, ಸಿಲಿಂಡರುಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಅಳೆಯಲು ಬಿಡದ ಅಂಗಡಿಯಿಂದ ವಾಪಸು ಬನ್ನಿ.

ಗೇಜಿಗಿಂತ ಮೊದಲು ಕಣ್ಣು. ಬ್ಲಾಕಿನ ಮೇಲಿನ ಇಂಜಿನ್ ನಂಬರಿಗೆ ಟಾರ್ಚ್ ಹಿಡಿಯಿರಿ. ಅಕ್ಷರಗಳ ಆಳ ಒಂದೇ ಸಮ ಇದೆಯೇ, ಸುತ್ತ ಉಜ್ಜಿದ ಹೊಳಪು ಅಥವಾ ಹೊಸ ಬಣ್ಣ ಇದೆಯೇ ನೋಡಿ. ಅನುಮಾನ ಬಂದರೆ ಅಲ್ಲಿಗೇ ಬಿಡಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ: ತಿಳಿಕಂದು ಲೇಪ ಒಳ್ಳೆಯದು, ಡಾಂಬರಿನಂಥ ಕಪ್ಪು ಗಸಿ ಬಂದರೆ ಆಯಿಲ್ ಸರಿಯಾಗಿ ಬದಲಿಸಿಲ್ಲ. ಹೆಡ್ಡಿನ ಅಂಚಿನಲ್ಲಿ ಸಿಲಿಕೋನ್ ಪೇಸ್ಟ್ ಉಕ್ಕಿದ್ದರೆ, ಬೋಲ್ಟಿನ ತಲೆಯಲ್ಲಿ ಸ್ಪ್ಯಾನರ್ ಗುರುತಿದ್ದರೆ ಈಗಾಗಲೇ ಬಿಚ್ಚಿದ ಇಂಜಿನ್. ನೀರಿನ ಪೈಪ್ ಕೂರುವ ಬಾಯಿಯೊಳಗೆ ಕೆಂಪು ತುಕ್ಕಿದ್ದರೆ ಬರೀ ನೀರಿನಲ್ಲಿ ಓಡಿದೆ. ಮುಂಭಾಗ ಗುದ್ದಿದ ಗಾಡಿಯದಾದರೆ ಮೌಂಟಿಂಗ್ ಕಿವಿಗಳಲ್ಲಿ ಬಿರುಕು, ಆಯಿಲ್ ಚೇಂಬರಿನಲ್ಲಿ ತಗ್ಗು, ತಿರುಗಿಸಿದಾಗ ಓಲಾಡುವ ಪುಲ್ಲಿ ಇವನ್ನು ಹುಡುಕಿ.

ಕಾಗದ ಇಲ್ಲದ ಇಂಜಿನ್ ಎಷ್ಟೇ ಅಗ್ಗವಿದ್ದರೂ ಬೇಡ. ಇಂಜಿನ್ ನಂಬರ್ ಬರೆದ ಬಿಲ್ಲು, ಅದು ಬಂದ ಗಾಡಿಯ ಆರ್‌ಸಿ ನಕಲು ಅಥವಾ ಗುಜರಿಗೆ ಹಾಕಿದ ದಾಖಲೆ ಕೇಳಿ. ಕಳವಾದ ವಾಹನಗಳ ವಿವರ ತಾಳೆ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ್’ ವ್ಯವಸ್ಥೆ ಇದೆ, ದುಡ್ಡು ಕೊಡುವ ಮೊದಲೇ ನೋಡಿ. ಬದಲಿಸುವ ಮುನ್ನವೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಬೇಕಾದ ಅರ್ಜಿ, ಕಾಗದಗಳ ಪಟ್ಟಿ ಕೇಳಿಕೊಳ್ಳಿ. ಇಂಜಿನ್ ಬದಲಿಸಿದ್ದನ್ನು 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆರ್‌ಸಿ ಬದಲಾದ ಮೇಲೆ ವಿಮಾ ಕಂಪನಿಗೂ ಹೊಸ ನಂಬರ್ ಕೊಡಿ.

ಕೂರಿಸುವಾಗ, ಕೂರಿಸಿದ ಮೇಲೆ

ಇಂಜಿನ್ ಇಳಿಸುವುದನ್ನು ಮನೆಯಂಗಳದಲ್ಲಿ ಮರದ ಕೊಂಬೆಗೆ ಹಗ್ಗ ಕಟ್ಟಿ ಮಾಡಬೇಡಿ. ಚೈನ್ ಬ್ಲಾಕ್ ಇರುವ ಗ್ಯಾರೇಜಿಗೆ ಬಿಡಿ. ತೂಗುತ್ತಿರುವ ಇಂಜಿನ್ನಿನ ಕೆಳಗೆ ಕೈಯೂ ಹೋಗಬಾರದು. ಎಂಪಿಎಫ್ಐ ಗಾಡಿಯ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ಅದನ್ನು ಇಳಿಸಿ ಆಮೇಲೆ ಬಿಚ್ಚಬೇಕು. ಎಸಿ ಪೈಪ್ ಬಿಚ್ಚಲೇಬೇಕಾದರೆ ಗ್ಯಾಸನ್ನು ಯಂತ್ರದಲ್ಲಿ ಹೊರತೆಗೆಸಿ.

ಇಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಮುಂದಿನ ಆಯಿಲ್ ಸೀಲ್, ಮೌಂಟಿಂಗ್ ರಬ್ಬರ್ ಬದಲಿಸಿ. ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೂ ಈಗಲೇ ಹೊಸದು ಹಾಕಿಸಿ, ಆಮೇಲೆ ಅದಕ್ಕೋಸ್ಕರ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಉಳಿಯುತ್ತದೆ. ರೇಡಿಯೇಟರ್ ತೊಳೆಸಿ ಅಥವಾ ಬದಲಿಸಿ, ಥರ್ಮೋಸ್ಟಾಟ್ ಹಾಕಿಸಿ, ಗಡಸು ನೀರಿನ ಬದಲು ರೆಡಿ ಮಿಕ್ಸ್ ಕೂಲೆಂಟ್ ತುಂಬಿಸಿ.

ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ ತೆಗೆದು, ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ತಪ್ಪಿಸಿ, ಆಯಿಲ್ ದೀಪ ಆರುವವರೆಗೆ ತುಸು ತುಸುವೇ ಸೆಲ್ಫ್ ಹೊಡೆಸಿ. ಬೇರಿಂಗಿಗೆ ಆಯಿಲ್ ತಲುಪಿದ ಮೇಲೇ ಇಂಜಿನ್ ಓಡಲಿ. ಸ್ಟಾರ್ಟ್ ಆದ ಮೇಲೆ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೂ ಮುಳ್ಳಿನ ಮೇಲೆ ಕಣ್ಣಿಡಿ. ಬೋರ್ ಮಾಡಿಸಿದ ಇಂಜಿನ್ನಾದರೆ ಮೊದಲ 1,000 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸದೆ, ತುಂಬು ಭಾರ ಹಾಕದೆ, ಎಳೆಯದೆ ಓಡಿಸಿ, ಆಮೇಲೆ ಆಯಿಲ್, ಫಿಲ್ಟರ್ ಬದಲಿಸಿ. ತೆಗೆದ ಆಯಿಲ್ಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಮೊದಲ ಸಲ ಸಣ್ಣ ಪುಡಿ ಕಂಡರೆ ಸಹಜ. ಉಗುರಿಗೆ ಸಿಗುವಂಥ ಲೋಹದ ಚೂರು ಕಂಡರೆ ಗಾಡಿ ಓಡಿಸದೆ, ಕೆಲಸ ಮಾಡಿದವರನ್ನು ಅಲ್ಲಿಗೇ ಕರೆಸಿ ತೋರಿಸಿ.